ಖಾಲಿ ಬಂದ ಟ್ರೇ

ನ್ಯೂ ಡೆಲ್ಫ್ಟಿನಲ್ಲಿ ಯಾರೇ ತೀರಿಕೊಂಡರೂ ಮೊದಲ ಫೋನು ಪಾದ್ರಿಗೆ ಹೋಗುತ್ತದೆ, ಎರಡನೆಯದು ರಿಕಾ ವಿಸರ್‌ಗೆ. ಹೋದವನ ಆತ್ಮ ಪಾದ್ರಿಯ ಪಾಲು, ಬಂದವರ ಹೊಟ್ಟೆ ರಿಕಾಳ ಪಾಲು. ಚರ್ಚಿನ ನೆಲಮಾಳಿಗೆಯ ಅಡುಗೆಮನೆ ನಲವತ್ತೊಂದು ವರ್ಷದಿಂದ ಅವಳ ಕೈಯಲ್ಲಿದೆ. ಇನ್ನೂರು ಜನಕ್ಕೆ ಹಂದಿಮಾಂಸದ ಬನ್ನು, ಬೇಯಿಸಿದ ಆಲೂಗಡ್ಡೆ, ಕಾಫಿ ಎಲ್ಲ ಎರಡು ಗಂಟೆಯೊಳಗೆ ಮೇಜಿನ ಮೇಲಿರಬೇಕು, ಇರುತ್ತದೆ. ವಯಸ್ಸು ಎಪ್ಪತ್ತೆರಡು. ಮೊಣಕಾಲು ಎರಡೂ ಕೈಕೊಟ್ಟಿವೆ. ನಾಲಿಗೆ ಮಾತ್ರ ಇನ್ನೂ ಗಟ್ಟಿ. ಆದರೆ ಆ ನಾಲಿಗೆ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವರ ಚರ್ಚು ಹಳೇ ಡಚ್ ಕಟ್ಟಿನದು, ಸಭೆ ಸೇರಿದರೆ ಎದ್ದು ಮಾತಾಡುವವರು ಗಂಡಸರು. ಹೆಂಗಸರ ಮಾತೆಲ್ಲ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ. ಊರು ನಡೆಯುತ್ತಿದ್ದದ್ದು ಆ ತೊಟ್ಟಿಯ ಪಕ್ಕದ ಮಾತಿನಿಂದಲೇ ಎಂಬುದು ಗಂಡಸರಿಗೂ ಗೊತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಆ ತೊಟ್ಟಿಯ ಪಕ್ಕ ಒಂದು ಕಟ್ಟಳೆ ಇದೆ. ಸಾವಿನ ಮನೆಗೋ ಬಾಣಂತಿಯ ಮನೆಗೋ ಮುಚ್ಚಳವಿರುವ ಟ್ರೇ ತುಂಬ ತಿಂಡಿ ಹೋಗುತ್ತದೆ. ಟ್ರೇ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ತಿಂದವರು ಟ್ರೇ ವಾಪಸು ಕೊಡುವಾಗ ಖಾಲಿ ಕೊಡುವಂತಿಲ್ಲ. ನಾಲ್ಕು ಮೊಟ್ಟೆಯಾದರೂ ಸರಿ, ಹಿತ್ತಲಿನ ಒಂದು ಹಿಡಿ ಬೀನ್ಸ್ ಆದರೂ ಸರಿ. ಖಾಲಿ ಕೊಟ್ಟರೆ, ನಿನಗೂ ನನಗೂ ಇಲ್ಲಿಗೆ ಮುಗಿಯಿತು ಅಂತ ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನಡೆಯಲು ಕಲಿತ ಹಾಗೆ ಕಲಿಯುತ್ತಾರೆ.

ನಾಲ್ಕು ವರ್ಷಕ್ಕೊಮ್ಮೆ ಆ ನೆಲಮಾಳಿಗೆಗೆ ಇನ್ನೊಂದು ಬಗೆಯ ನೆಂಟರು ಬರುತ್ತಾರೆ. ದೇಶದ ಅಧ್ಯಕ್ಷನಾಗಬೇಕೆನ್ನುವವರನ್ನು ಎಲ್ಲರಿಗಿಂತ ಮೊದಲು ತೂಗಿ ನೋಡುವ ಹಕ್ಕು ತಮ್ಮ ಅಯೋವಾ ರಾಜ್ಯದ್ದು ಎಂದು ಅಯೋವಾದವರು ನಂಬಿದ್ದಾರೆ, ಆಕಾಂಕ್ಷಿಗಳೂ ನಂಬಿದವರಂತೆ ನಡೆದುಕೊಳ್ಳುತ್ತಾರೆ. ಬರುತ್ತಾರೆ, ಕೈ ಕುಲುಕುತ್ತಾರೆ, ಬನ್ನು ತಿಂದು ಹೋಗುತ್ತಾರೆ. ಹಾಗೆ ಹನ್ನೊಂದು ಜನಕ್ಕೆ ರಿಕಾ ಬಡಿಸಿದ್ದಳು. ಹನ್ನೊಂದರಲ್ಲಿ ಒಬ್ಬನೂ ತನ್ನ ತಟ್ಟೆಯನ್ನು ತೊಟ್ಟಿಯವರೆಗೆ ತಂದವನಲ್ಲ.

ಹನ್ನೆರಡನೆಯವನು ಓರನ್ ಪಿಕೆಟ್. ಒಕ್ಲಹೋಮದವನು, ಮೂವತ್ತು ವರ್ಷ ಬಾವಿ ಕೊರೆದವನು. ಪಂಚಾಯಿತಿ ಚುನಾವಣೆಗೂ ನಿಂತವನಲ್ಲ, ನೇರ ಅಧ್ಯಕ್ಷನ ಕುರ್ಚಿಗೇ ಬಂದಿದ್ದ. ಆಗಸ್ಟಿನ ಒಂದು ಬೆಳಿಗ್ಗೆ ಮುಂಬಾಗಿಲು ಎಲ್ಲಿದೆಯೆಂದು ತಿಳಿಯದೆ ಹಿಂಬಾಗಿಲಿನಿಂದ ಅಡುಗೆಮನೆಗೇ ನುಗ್ಗಿದ. ಹೊರಗೆ ಜನ ಕಾಯುತ್ತಿದ್ದರು, ಒಳಗೆ ತೊಳೆದ ತಟ್ಟೆಗಳ ರಾಶಿ ಬಿದ್ದಿತ್ತು. ಅವನು ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದ, ಬಟ್ಟೆ ಎತ್ತಿಕೊಂಡು ಒರೆಸತೊಡಗಿದ.

"ಏಯ್, ಯಾರಪ್ಪಾ ನೀನು?" ಅಂದಳು ಬರ್ಡೀನ್. ಅವಳು ರಿಕಾಳ ಬಲಗೈ, ಅಡುಗೆಮನೆಯ ಬಾಯಿಬಡುಕಿ.

"ಅಧ್ಯಕ್ಷ ಆಗ್ಬೇಕು ಅಂತಿದೀನಿ ಅಮ್ಮಾ."

"ಆಗುವಂತೆ. ಮೊದ್ಲು ತಳ ಒರೆಸು, ನೀರು ಸೋರ್ತಿದೆ."

ಅವನು ನಕ್ಕು ತಳ ಒರೆಸಿದ. ಸರಿಯಾಗಿಯೇ ಒರೆಸಿದ ಎಂಬುದನ್ನು ರಿಕಾ ಓರೆಗಣ್ಣಿನಲ್ಲಿ ನೋಡಿಕೊಂಡಳು. ಆಮೇಲೆ ಹೊರಗೆ ಹೋಗಿ ಮಾತಾಡಿದ. ಸರ್ಕಾರ ಊರಿನ ಮನೆಮನೆಯೊಳಗೆ ಕಾಲು ಚಾಚಿದೆ, ಕಾಲು ಹಿಂದಕ್ಕೆ ತೆಗೆಯಬೇಕು. ನೆರೆಹೊರೆಯವರು, ಚರ್ಚು, ಮನೆಯವರು, ಇವರೇ ದೇಶ. ಬೇರೆ ದೇಶದಿಂದ ಬಂದವರನ್ನೆಲ್ಲ ವಾಪಸು ಕಳಿಸಬೇಕು. ಹೇಳಿಕೊಟ್ಟ ಮಾತಿನಂತಿರಲಿಲ್ಲ. ಯಾರೋ ತೈಲದ ಸುಂಕದ ಬಗ್ಗೆ ಕೇಳಿದರು. "ನಂಗೆ ಗೊತ್ತಿಲ್ಲ. ಒಳ್ಳೆಯವರನ್ನ ಕೇಳ್ತೀನಿ" ಅಂದ. ಜನ ಬೆಂಚು ಕುಟ್ಟಿದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ರಾಜಕಾರಣಿಯನ್ನು ಅವರು ಕಂಡದ್ದು ಅದೇ ಮೊದಲು!

ಹನ್ನೆರಡಾಗುತ್ತಿದ್ದಂತೆ ರಿಕಾ ಒಂದು ತಟ್ಟೆಗೆ ಮುಚ್ಚಳ ಹಾಕಿ ಹೊರಟಳು. "ಎಲ್ಲಿಗಮ್ಮಾ ಇಷ್ಟು ಅವಸರ?" ಅಂದ ಓರನ್.

"ನಮ್ಮ ಯಜಮಾನ್ರಿಗೆ ಊಟ ಮಾಡಿಸ್ಬೇಕು."

ಅವಳ ಗಂಡ ಗೆರಿಟ್ ಬೀದಿಯ ಕೊನೆಯ ಬೆಥನಿ ವೃದ್ಧಾಶ್ರಮದಲ್ಲಿ ಮೂರು ವರ್ಷದಿಂದ ಇದ್ದ. ಹೆಂಡತಿಯ ಹೆಸರು ಅವನಿಗೆ ಮರೆತು ಹೋಗಿತ್ತು. ಅವಳ ಕೈ ಮರೆತಿರಲಿಲ್ಲ. ನರ್ಸು ತಿನ್ನಿಸಿದರೆ ಬಾಯಿ ಬಿಗಿಯುತ್ತಿದ್ದ, ರಿಕಾ ತಿನ್ನಿಸಿದರೆ ಮಗುವಿನಂತೆ ತಿನ್ನುತ್ತಿದ್ದ. ಉಂಡ ಮೇಲೆ ಅಂಗೈ ಚಾಚಿದರೆ ಅವಳೊಂದು ಪೆಪ್ಪರಮಿಂಟು ಇಡಬೇಕು, ಚರ್ಚಿನಲ್ಲಿ ಪ್ರವಚನ ಶುರುವಾಗುವಾಗ ಐವತ್ತು ವರ್ಷ ಇಟ್ಟ ಹಾಗೆ. ಈಗ ಆ ಆಶ್ರಮ ಮಾರ್ಚಿಗೆ ಮುಚ್ಚುತ್ತದೆಂದು ನೋಟೀಸು ಬಂದಿತ್ತು. ನರ್ಸುಗಳಿಲ್ಲ, ಸರ್ಕಾರದಿಂದ ಬರುವುದು ಸಾಲದು. ಮುಂದಿನದು ಅರವತ್ತೆರಡು ಮೈಲಿ ದೂರದಲ್ಲಿತ್ತು. ಆ ಮೊಣಕಾಲಿನಲ್ಲಿ, ಆ ಹಿಮದಲ್ಲಿ ದಿನಾ ಮಧ್ಯಾಹ್ನ ಅರವತ್ತೆರಡು ಮೈಲಿ ಓಡಿಸುವುದು ಅವಳಿಂದಾಗದು. ಅವಳು ಹೋಗದಿದ್ದರೆ ಅವನು ಉಣ್ಣುವುದಿಲ್ಲ. ಅವಳಿಗಿದ್ದ ಚಿಂತೆ ಅದೊಂದೇ, ಅದು ಬೆಟ್ಟದಷ್ಟಿತ್ತು.

ಓರನ್ ತನ್ನ ಪ್ರಚಾರದ ಹುಡುಗರನ್ನೂ ಕ್ಯಾಮೆರಾದವರನ್ನೂ ಬಿಟ್ಟು ಒಬ್ಬನೇ ಅವಳ ಜೊತೆ ನಡೆದ. ಗೆರಿಟ್ ಅವನ ಕೈ ಹಿಡಿದುಕೊಂಡು, "ಹ್ಯಾಂಕ್, ಬಂದ್ಯೇನೋ" ಅಂದ. ಹ್ಯಾಂಕ್ ಅವನ ಅಣ್ಣ, ಸತ್ತು ಇಪ್ಪತ್ತು ವರ್ಷವಾಗಿತ್ತು.

"ಬಂದೆ ಕಣೋ" ಅಂದ ಓರನ್. ಅರ್ಧ ಗಂಟೆ ಹ್ಯಾಂಕ್ ಆಗಿ ಕೂತ. ಬಾವಿ ಕೊರೆದ ತನ್ನ ದಪ್ಪ ಕೈಯನ್ನು ಒಮ್ಮೆಯೂ ಬಿಡಿಸಿಕೊಳ್ಳಲಿಲ್ಲ. ರಿಕಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅಲ್ಲೇ ಅವಳ ಮನಸ್ಸು ಅವನ ಕಡೆ ವಾಲಿದ್ದು. ಯಾರದ್ದು ವಾಲುತ್ತಿರಲಿಲ್ಲ ಹೇಳಿ!

ಅವನು ಹೊರಡುವಾಗ ಬಾದಾಮಿ ಹೂರಣದ ತುಂಡುಗಳನ್ನು ಟ್ರೇ ತುಂಬ ಇಟ್ಟು ಕೊಟ್ಟಳು. ಮೇಲೊಂದು ಕಾರ್ಡು, ಅಡುಗೆಯ ಅಳತೆ ಬರೆದುಕೊಳ್ಳುವಂಥದ್ದು. ಅದರಲ್ಲಿ ಅಡುಗೆಯಿರಲಿಲ್ಲ, ಮೂರು ಪ್ರಶ್ನೆಗಳಿದ್ದವು. ಒಂದು: ಬೆಥನಿ ಮುಚ್ಚುತ್ತಿದೆ, ಏನು ಮಾಡುತ್ತೀಯ? ಎರಡು: ಹೊರಗಿನಿಂದ ಬಂದವರನ್ನೆಲ್ಲ ಕಳಿಸುತ್ತೇನೆ ಅನ್ನುತ್ತೀಯ, ನಮ್ಮ ಡೈರಿಗಳಲ್ಲಿ ಹಾಲು ಕರೆಯುವವರು ಅವರೇ, ಹಸು ಯಾರು ಕರೆಯಬೇಕು? ಮೂರು: ಗೊತ್ತಿಲ್ಲದ್ದನ್ನು ಒಳ್ಳೆಯವರನ್ನು ಕೇಳುತ್ತೇನೆ ಅಂದೆಯಲ್ಲ, ಅವರ ಹೆಸರೇನು?

ಓರನ್ ಓದಿದ. ಅಂಗಿಯ ಜೇಬಿಗೆ ಇಟ್ಟುಕೊಂಡ. "ಅಮ್ಮಾ, ಜನವರೀಲಿ ಊರವ್ರು ಓಟು ಹಾಕೋ ಸಭೇಲಿ ನನ್ನ ಪರ ನೀವೇ ಎದ್ದು ಎರಡು ಮಾತಾಡ್ಬೇಕು."

"ನಾನಾ? ನಾನು ಸಭೇಲಿ ಬಾಯಿ ಬಿಟ್ಟವಳಲ್ಲಪ್ಪ."

"ನಾನೂ ಅಧ್ಯಕ್ಷ ಆದವನಲ್ಲ."

ರಿಕಾ ನಕ್ಕು ಒಪ್ಪಿಕೊಂಡಳು.

ಸುದ್ದಿ ಕೇಳಿ ಮೈದುನ ಹಾರ್ಲನ್ ಕೆಂಡವಾದ. ಗೆರಿಟ್‌ನ ತಮ್ಮ, ಚರ್ಚಿನ ಹಿರಿಯ, ಹದಿನೆಂಟು ವರ್ಷದಿಂದ ಗೆಲ್ಲುತ್ತ ಬಂದಿದ್ದ ಹಳೇ ಸೆನೆಟರನ ಕಡೆಯವನು. ಆ ಸೆನೆಟರನೂ ಈ ಸಲ ಅಧ್ಯಕ್ಷನಾಗಲು ಹೊರಟಿದ್ದ.

"ಅತ್ತಿಗೆ, ನಿಮಗೇನು ಬುದ್ಧಿಗಿದ್ದಿ ಇದೆಯಾ? ಬಾವಿ ತೋಡೋನ ಕೈಗೆ ದೇಶ ಕೊಡ್ತೀರಾ?"

"ನಿಮ್ಮ ಸೆನೆಟರಿಗೆ ಬೆಥನಿ ವಿಚಾರ ಬರೆದೆನಲ್ಲ, ಏನಂದ?"

"ಉತ್ತರ ಬಂತಲ್ಲ! ಮೂರು ಪುಟ! ಯಾವ ಕಾನೂನು, ಯಾವ ಕಲಮು, ಎಲ್ಲ ಇತ್ತು."

"ಎಲ್ಲ ಇತ್ತು. ಮಾಡ್ತೀನಿ ಅನ್ನೋ ಒಂದು ಮಾತಿರ್ಲಿಲ್ಲ. ಎಲ್ಲ ಗೊತ್ತಿರೋನು ಹದಿನೆಂಟು ವರ್ಷ ಏನೂ ಮಾಡ್ಲಿಲ್ಲ ಹಾರ್ಲನ್. ಗೊತ್ತಿಲ್ದೋನು ಬಂದು ನಿಮ್ಮಣ್ಣನ ಕೈ ಹಿಡ್ಕೊಂಡು ಕೂತ. ನೀವು ಕೂತು ಎಷ್ಟು ದಿನ ಆಯ್ತು?"

ಹಾರ್ಲನ್ ಟೋಪಿ ಎತ್ತಿಕೊಂಡು ಹೊರಟುಹೋದ. ಅವನು ಬೆಥನಿಯ ಮೆಟ್ಟಿಲು ಹತ್ತದೆ ಐದು ತಿಂಗಳಾಗಿತ್ತು.

ಅಕ್ಟೋಬರಿನಲ್ಲಿ ಟಿವಿಯಲ್ಲಿ ಓರನ್ ಕಂಡ. ಯಾವುದೋ ಊರಿನ ಸಭೆಯಲ್ಲಿ ಜೇಬಿನಿಂದ ಆ ಕಾರ್ಡನ್ನು ತೆಗೆದು ಎತ್ತಿ ಹಿಡಿದ. "ನ್ಯೂ ಡೆಲ್ಫ್ಟಿನ ರಿಕಾ ಅಂತ ಒಬ್ಬ ತಾಯಿ, ಚರ್ಚಿನ ಅಡುಗೆಮನೆಯಲ್ಲಿ ನಿಂತು ಈ ಮೂರು ಪ್ರಶ್ನೆ ಕೇಳಿದಾಳೆ. ರಾಜಧಾನಿಯಲ್ಲಿ ಯಾರಾದ್ರೂ ಇಂಥ ಪ್ರಶ್ನೆ ಕೇಳ್ತಾರಾ?" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಊರಿಗೆ ಊರೇ ರಿಕಾಳಿಗೆ ಫೋನು ಮಾಡಿತು. ಅವಳಿಗೂ ಕೊಂಚ ಕೋಡು ಮೂಡಿತು, ಸುಳ್ಳೇಕೆ. ನವೆಂಬರಿನಲ್ಲಿ ಇನ್ನೊಂದು ಊರು, ಅದೇ ಕಾರ್ಡು. ಡಿಸೆಂಬರಿನಲ್ಲಿ ಮತ್ತೊಂದು. ಬರ್ಡೀನ್ ಆಲೂಗಡ್ಡೆ ಸುಲಿಯುತ್ತ ಅಂದಳು:

"ಅಲ್ಲ ರಿಕಾ, ಪ್ರಶ್ನೆಗೇ ಇಷ್ಟು ಚಪ್ಪಾಳೆ ಬೀಳ್ತಿದ್ರೆ ಅವನ್ಯಾಕೆ ಉತ್ತರ ಹುಡುಕ್ತಾನೆ?"

"ಸುಮ್ನಿರೇ. ಓಡಾಟ ಇರುತ್ತೆ."

ಅಂದಳೇ ಹೊರತು ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು.

ಸಭೆಗೆ ಆರು ದಿನವಿದ್ದಾಗ ಓರನ್ ಮತ್ತೆ ಬಂದ. ಈ ಸಲ ಬಸ್ಸಿತ್ತು, ಜನ ಮೆಟ್ಟಿಲ ಮೇಲೂ ನಿಂತಿದ್ದರು. ಡೈರಿಯವನೊಬ್ಬ ಎದ್ದು ಬೆಥನಿಯ ಮಾತೆತ್ತಿದ. ರಿಕಾ ಅಡುಗೆಮನೆಯ ಬಾಗಿಲಿಗೆ ಬಂದು, ಕೈ ಒರೆಸುತ್ತ ನಿಂತಳು.

"ನಮ್ಮ ತಾತನ ಕಾಲದಲ್ಲಿ ವಯಸ್ಸಾದವರನ್ನ ಚರ್ಚು ನೋಡ್ಕೋತಿತ್ತು, ನೆರೆಹೊರೆ ನೋಡ್ಕೋತಿತ್ತು" ಅಂದ ಓರನ್. "ಸರ್ಕಾರದ ದುಡ್ಡಿನ ಹಂಗು ನಮಗ್ಯಾಕೆ? ಹೇಗೆ ಏನು ಅಂತ ನಂಗೆ ಪೂರ್ತಿ ಗೊತ್ತಿಲ್ಲ. ಒಳ್ಳೆಯವರನ್ನ ಕೇಳ್ತೀನಿ."

ಆಗಸ್ಟಿನ ಮಾತೇ, ಒಂದಕ್ಷರ ಬದಲಾಗಿರಲಿಲ್ಲ. ಚಪ್ಪಾಳೆ ಬಿತ್ತು, ಬೆಂಚು ಕುಟ್ಟುವಷ್ಟು ಬೀಳಲಿಲ್ಲ. ರಿಕಾ ಒಳಕ್ಕೆ ತಿರುಗಿದಳು. ಚರ್ಚು ನೋಡಿಕೊಳ್ಳುತ್ತದಂತೆ! ನಲವತ್ತೊಂದು ವರ್ಷ ಆ ಚರ್ಚಿನ ಸೌಟು ಹಿಡಿದವಳು ತಾನು. ಬನ್ನು ಕೊಡಬಹುದು, ನೆಲ ಒರೆಸಬಹುದು, ಪಕ್ಕದಲ್ಲಿ ಕೂತು ಹಾಡಬಹುದು. ಹಗಲು ರಾತ್ರಿ ನಲವತ್ತು ಮುದುಕರನ್ನು ಎತ್ತಿ ಮಲಗಿಸುವ ನರ್ಸುಗಳನ್ನು ಯಾವ ಟ್ರೇಯಲ್ಲಿ ತುಂಬಿ ಕಳಿಸುವುದು?

ಸಭೆ ಮುಗಿಸಿ ಅವನು ಅಡುಗೆಮನೆಗೆ ಬಂದ. ಕಂಕುಳಲ್ಲಿ ಅವಳ ಟ್ರೇ. "ನೋಡಿ ಅಮ್ಮಾ, ಜೋಪಾನವಾಗಿಟ್ಟಿದ್ದೆ. ನಾನೇ ತೊಳೆದದ್ದು" ಎಂದು ಎರಡೂ ಕೈಯಲ್ಲಿ ಕೊಟ್ಟ. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ರಿಕಾ ಮುಚ್ಚಳ ತೆಗೆದಳು. ಖಾಲಿ.

ಬರ್ಡೀನ್ ಬೆನ್ನು ತಿರುಗಿಸಿಕೊಂಡಳು.

"ಕಾರ್ಡು ಏನಾಯ್ತಪ್ಪ?" ಅಂದಳು ರಿಕಾ.

"ಇಲ್ಲೇ ಇದೆ, ಎದೆ ಮೇಲೇ ಇಟ್ಕೊಂಡಿದೀನಿ." ತೆಗೆದು ತೋರಿಸಿದ. ಅಂಚು ಸವೆದಿತ್ತು, ಮಡಿಕೆಯಲ್ಲಿ ಹರಿಯುವಂತಾಗಿತ್ತು. ಪ್ರಶ್ನೆಗಳ ಕೆಳಗೆ ಅವಳು ಬಿಟ್ಟಿದ್ದ ಜಾಗ ಹಾಗೇ ಬೆಳ್ಳಗಿತ್ತು.

"ಎದೆ ಮೇಲಿದೆ, ಸರಿ. ಉತ್ತರ?"

ಅವನು ಕಾರ್ಡನ್ನೂ ಅವಳನ್ನೂ ನೋಡಿದ. "ದಿನಕ್ಕೆ ಏಳು ಊರು ಅಮ್ಮಾ" ಅಂದ ಮೆಲ್ಲಗೆ. ಹುಡುಗರು ಬಂದು ಎಳೆದುಕೊಂಡು ಹೋದರು. ಬಾಗಿಲಲ್ಲಿ ತಿರುಗಿ, "ಗೆರಿಟ್‌ಗೆ ಹ್ಯಾಂಕ್ ಕೇಳ್ದ ಅಂತ ಹೇಳಿ" ಅಂದ. ಅದನ್ನು ಮರೆತಿರಲಿಲ್ಲ ನೋಡಿ! ಅದಕ್ಕೇ ಅವಳಿಗೆ ಸಿಟ್ಟು ಮಾಡಲೂ ಆಗದೆ ಬಿಡಲೂ ಆಗದೆ ಸಂಕಟವಾದದ್ದು.

"ತಾಯಿ ಇಲ್ದೆ ಬೆಳೆದೋನಂತೆ" ಅಂದಳು ಬರ್ಡೀನ್. "ಯಾರೂ ಹೇಳ್ಕೊಟ್ಟಿಲ್ಲ, ಪಾಪ. ಆದ್ರೂ ಖಾಲಿ ಅಂದ್ರೆ ಖಾಲಿನೇ."

ಸೋಮವಾರ ಸಂಜೆ ಮೈ ಕೊರೆಯುವ ಚಳಿಯಲ್ಲಿ ಊರು ನೆಲಮಾಳಿಗೆಗೆ ಇಳಿಯಿತು. ಪ್ರತಿ ಆಕಾಂಕ್ಷಿಯ ಪರವಾಗಿ ಊರಿನವರೇ ಒಬ್ಬರು ಎದ್ದು ಮಾತಾಡಬೇಕು, ಆಮೇಲೆ ಎಲ್ಲರೂ ಚೀಟಿಯಲ್ಲಿ ಹೆಸರು ಬರೆದು ಡಬ್ಬಿಗೆ ಹಾಕಬೇಕು, ಅಲ್ಲೇ ಎಣಿಸಬೇಕು. ಹಾರ್ಲನ್ ಸೆನೆಟರನ ಪರ ಮಾತಾಡಿದ. ಕಾನೂನುಗಳ ಹೆಸರು ಒಂದರ ಹಿಂದೊಂದು ಬಂದವು, ಹಿಂದಿನ ಸಾಲಿನಲ್ಲಿ ಇಬ್ಬರು ತೂಕಡಿಸಿದರು. ಆಮೇಲೆ ಪಾದ್ರಿ, "ಓರನ್ ಪಿಕೆಟ್ ಪರವಾಗಿ, ರಿಕಾ ವಿಸರ್" ಅಂದ.

ಅಡುಗೆಮನೆಯಿಂದ ಮುಂದಿನ ಮೇಜಿಗೆ ಹದಿನಾಲ್ಕು ಹೆಜ್ಜೆ. ಏಪ್ರನ್ ಬಿಚ್ಚುವುದು ಮರೆತಿತ್ತು. ಕೈಯಲ್ಲಿ ಟ್ರೇ ಇತ್ತು. 

"ನಂಗೆ ಮಾತಾಡಿ ಅಭ್ಯಾಸ ಇಲ್ಲ" ಅಂದಳು. "ನನ್ನ ಕೈ ಅಡುಗೆ ಉಂಡಿದೀರಿ, ಹಳಸಿದ್ದು ಯಾವತ್ತೂ ಬಡಿಸಿಲ್ಲ. ಇವತ್ತೂ ಬಡಿಸಲ್ಲ. ಓರನ್ ಪಿಕೆಟ್ ಒಳ್ಳೇ ಮನುಷ್ಯ. ತಟ್ಟೆ ತಳ ಒರೆಸ್ತಾನೆ. ನಮ್ಮ ಯಜಮಾನ್ರ ಕೈ ಹಿಡ್ಕೊಂಡು ಕೂತ, ಆಗ ಅಲ್ಲಿ ಕ್ಯಾಮೆರಾ ಇರ್ಲಿಲ್ಲ. ಇನ್ನೊಬ್ಬರದ್ದನ್ನ ಕದಿಯೋನಲ್ಲ. ಇದು ನಾನು ಕಣ್ಣಾರೆ ಕಂಡದ್ದು."

ಓರನ್‌ನ ಕಡೆಯವರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅವಳು ಟ್ರೇ ಎತ್ತಿದಳು.

"ಆಗಸ್ಟಲ್ಲಿ ಇದನ್ನ ತುಂಬಿ ಕೊಟ್ಟೆ, ಜೊತೆಗೆ ಮೂರು ಪ್ರಶ್ನೆ. ಹೋದ ಮಂಗಳವಾರ ವಾಪಸು ಕೊಟ್ಟ." ಮುಚ್ಚಳ ತೆಗೆದು ಬಗ್ಗಿಸಿ ತೋರಿಸಿದಳು.

 ಆ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬೇಕಂತ ಮಾಡಿದ್ದಲ್ಲ. ಗೊತ್ತಿಲ್ದೆ ಮಾಡಿದ್ದು. ಆದ್ರೆ ಗೊತ್ತಿಲ್ಲ ಅನ್ನೋದು ಆಗಸ್ಟಲ್ಲಿ ಸಾಚಾತನ, ಜನವರೀಲಿ ಸೋಮಾರಿತನ. ನಂಗೆ ಅಷ್ಟೇ ಹೇಳೋಕೆ ಬರೋದು. ನೀವು ನಿಮ್ಮ ಮನಸ್ಸಿಗೆ ಬಂದದ್ದು ಬರೀರಿ. ಕಾಫಿ ಬಿಸಿಯಿದೆ."

ಚೀಟಿ ಅವಳ ಕೈಗೂ ಬಂತು. ಸೆನೆಟರನ ಮೂರು ಪುಟ ನೆನಪಾಯಿತು. ಓರನ್‌ನ ಜೇಬಿನ ಸವೆದ ಕಾರ್ಡು ನೆನಪಾಯಿತು. ಪೆನ್ಸಿಲು ಕಾಗದಕ್ಕೆ ತಾಗಿಸಿದಳು, ಎತ್ತಿದಳು. ಕೊನೆಗೆ ಮಡಚಿ ಡಬ್ಬಿಗೆ ಹಾಕಿದಳು.

ಹಾರ್ಲನ್ ಮತ್ತು ಪಾದ್ರಿ ಎಣಿಸಿದರು. ಸೆನೆಟರಿಗೆ ನಲವತ್ತಮೂರು. ಪಿಕೆಟ್‌ಗೆ ನಲವತ್ತೆರಡು. ಉಳಿದವರಿಗೆ ಚೂರುಪಾರು. "ಒಂದು ಖಾಲಿ ಚೀಟಿ" ಎಂದು ಹಾರ್ಲನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಯಾರದಪ್ಪ ಇದು?" ನೂರು ಕಣ್ಣು ಅಡುಗೆಮನೆಯ ಕಡೆ ತಿರುಗಿದವು. ರಿಕಾ ಕಾಫಿ ಹಂಡೆಯ ನಲ್ಲಿಯನ್ನೇ ನೋಡುತ್ತಿದ್ದಳು. ಎಪ್ಪತ್ತೆರಡು ವರ್ಷದಲ್ಲಿ ಅವಳು ಯಾರಿಗೇ ಆಗಲಿ ಖಾಲಿ ವಾಪಸು ಕೊಟ್ಟದ್ದು ಅದೊಂದೇ. ಆ ವಾರ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇಡೀ ರಾಜ್ಯದಲ್ಲಿ ಓರನ್ ಮೂರನೆಯವನಾದ. ಫೆಬ್ರವರಿಯಲ್ಲಿ ಕಣದಿಂದ ಹಿಂದೆ ಸರಿದ. ರಿಕಾಳ ಮಾತನ್ನು ಯಾವನೋ ಪತ್ರಿಕೆಯವನು ಬರೆದುಕೊಂಡಿದ್ದ, ಅದು ದೇಶದ ಪೇಪರುಗಳಲ್ಲೆಲ್ಲ ಬಂತು. ಅವಳು ಓದಲಿಲ್ಲ. ಬೆಥನಿ ಮಾತ್ರ ಹೇಳಿದ ದಿನಕ್ಕೇ ಮುಚ್ಚಿತು. ಸೆನೆಟರನ ಕಚೇರಿಯಿಂದ ಇನ್ನೊಂದು ಮೂರು ಪುಟ ಬಂತು.

ಗೆರಿಟ್‌ನನ್ನು ಸಾಗಿಸುವ ದಿನ ಮಾರ್ಚಿನ ಕೆಸರುಹಿಮ ಬಿದ್ದಿತ್ತು. ರಿಕಾ ಬೆಥನಿಯ ಬಾಗಿಲಲ್ಲಿ ನಿಂತಿದ್ದಾಗ ಒಕ್ಲಹೋಮ ನಂಬರಿನ ಹಳೇ ಪಿಕಪ್ ಗಾಡಿ ಬಂದು ನಿಂತಿತು. ಬಸ್ಸಿಲ್ಲ, ಹುಡುಗರಿಲ್ಲ. ಓರನ್ ಒಬ್ಬನೇ ಇಳಿದ, ಟೋಪಿ ತೆಗೆದ. ಕೈಯಲ್ಲೊಂದು ಹೊಸ ಟ್ರೇ, ಅದರ ತುಂಬ ಅಕ್ರೋಟಿನಂಥ ಪಿಕಾನ್ ಬೀಜ.

"ನಮ್ಮ ಮರದ್ದು. ನಾನೇ ಒಡೆದು ಬಿಡಿಸಿದ್ದು ಅಮ್ಮಾ" ಅಂದ. ಉಗುರುಗಳು ಕಪ್ಪಾಗಿದ್ದವು. "ಪೇಪರಲ್ಲಿ ಓದಿದೆ. ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ."

ಬೀಜದ ಮೇಲೆ ಆ ಕಾರ್ಡಿತ್ತು. ಎರಡನೆಯ ಪ್ರಶ್ನೆಯ ಕೆಳಗೆ ಬರೆದು ಹೊಡೆದುಹಾಕಿ ಮತ್ತೆ ಬರೆದ ಒಂದು ಸಾಲು. ಮೂರನೆಯದರ ಕೆಳಗೆ ನಾಲ್ಕು ಹೆಸರು, ಎದುರಿಗೆ ಫೋನ್ ನಂಬರು, ಅವರಲ್ಲಿ ಇಬ್ಬರು ನರ್ಸುಗಳು. ಮೊದಲನೆಯದರ ಕೆಳಗೆ: 'ನಾನು ಹೇಳುತ್ತಿದ್ದದ್ದು ತಪ್ಪು. ಚರ್ಚಿನಿಂದಾಗುವುದಿಲ್ಲ. ಯಾರಿಂದಾಗುತ್ತದೆ, ಇನ್ನೂ ಗೊತ್ತಿಲ್ಲ.'

ರಿಕಾ ಎರಡು ಸಲ ಓದಿದಳು. "ಆ ಖಾಲಿ ಚೀಟಿ ನಂದೇ ಕಣಪ್ಪ" ಅಂದಳು.

"ಗೊತ್ತಿತ್ತು ಅಮ್ಮಾ." ಅವನು ಟೋಪಿಯನ್ನು ಬೆರಳಲ್ಲಿ ತಿರುಗಿಸಿದ. "ಈಗಾದ್ರೆ ನನ್ನ ಹೆಸರು ಬರೀತಿದ್ರಾ?"

ಹೂಂ ಅಂದುಬಿಟ್ಟರೆ ಅವಳ ಗಂಟೇನು ಹೋಗುತ್ತಿತ್ತು? ಆದರೆ ಹಳಸಿದ್ದು ಬಡಿಸಿದವಳಲ್ಲವಲ್ಲ.

"ಇಲ್ಲ. ಆ ಕುರ್ಚಿಗೆ ಈಗ್ಲೂ ಬರೀತಿರ್ಲಿಲ್ಲ. ಆದ್ರೆ ಪಕ್ಕದ ಮನೆಗೆ ಯಾರು ಬೇಕು ಅಂತ ಓಟು ಇಟ್ಟಿದ್ರೆ, ಕಳ್ಳ ಚೀಟಿ ಹಾಕಿ ಜೈಲಿಗಾದ್ರೂ ಹೋಗ್ತಿದ್ದೆ."

ಓರನ್ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಒಳಗೆ ಗೆರಿಟ್‌ನ ಹಳೇ ಒರಗುಕುರ್ಚಿಯನ್ನು ಎತ್ತಲಾರದೆ ಹಾರ್ಲನ್ ಒಬ್ಬನೇ ಹೆಣಗುತ್ತಿದ್ದ. ನಾಲ್ಕು ದಿನದಿಂದ ಅವನೂ ಅಣ್ಣನ ಬಳಿ ಬರತೊಡಗಿದ್ದ. ಓರನ್ ಹೋಗಿ ಇನ್ನೊಂದು ತುದಿ ಹಿಡಿದ. ಇಬ್ಬರೂ ಕುರ್ಚಿಯನ್ನು ಹೊರಗೆ ತಂದು ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿದರು.

ಅವನನ್ನು ಸಾಗಿಸಲು ಬಂದಿದ್ದ ವ್ಯಾನಿನ ಕಿಟಕಿಯಿಂದ ಗೆರಿಟ್ ನೋಡಿದ. "ಹ್ಯಾಂಕ್, ನೀನೂ ಬರ್ತೀಯೇನೋ?"

"ಹಿಂದೇನೇ ಇದೀನಿ ಕಣೋ, ನಡಿ" ಅಂದ ಓರನ್.

ರಿಕಾ ಗಂಡನ ಪಕ್ಕ ಕೂತಳು. ಅವನು ಅಂಗೈ ಚಾಚಿದ. ಅವಳು ಒಂದು ಪೆಪ್ಪರಮಿಂಟು ಇಟ್ಟಳು. ಅರವತ್ತೆರಡು ಮೈಲಿ ಉದ್ದಕ್ಕೂ ಹಿಂದಿನ ಗಾಜಿನಲ್ಲಿ ಆ ಪಿಕಪ್ಪಿನ ದೀಪ ಕಾಣುತ್ತಲೇ ಇತ್ತು. ನಾಳೆ ಮಧ್ಯಾಹ್ನ ಗೆರಿಟ್‌ಗೆ ಯಾರು ಉಣ್ಣಿಸುತ್ತಾರೆ ಎಂಬುದಕ್ಕೆ ಮಾತ್ರ ಆ ದಾರಿಯಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ.